ಎಡಗೈಯ ಕೋಲು

"ಅಪ್ಪ, ಇವತ್ತೂ ತಿನ್ನದಿದ್ರೆ ನಾಳೆ ಹಾಸ್ಪಿಟಲ್‌ಗೆ ವಾಪಸ್. ಮೂಗಿಗೆ ಟ್ಯೂಬ್ ಹಾಕ್ತಾರೆ. ಮಗಳಾಗಿ ಅಲ್ಲ, ಡಾಕ್ಟರಾಗಿ ಹೇಳ್ತಿದ್ದೀನಿ," ಎನ್ನುತ್ತ ಚರಿಷ್ಮಾ ಬಟ್ಟಲನ್ನು ಮುಂದಕ್ಕೆ ಸರಿಸಿದಳು.

ಮೆತ್ತಗೆ ಬೆಂದ ಕುಚ್ಚಲಕ್ಕಿ ಅನ್ನ, ಮೇಲೆ ಮೊಸರು. ತನಿಯಪ್ಪ ನೋಡಿದರು, ಅಷ್ಟೇ. ಪಾರ್ಶ್ವವಾಯು ಬಡಿದ ಬಲಗೈ ಯಾರೋ ಮರೆತುಹೋದ ಕೈಗವಸಿನಂತೆ ತೊಡೆಯ ಮೇಲೆ ಬಿದ್ದಿತ್ತು. ಹೆಂಡತಿ ಸೇವಂತಿ ತುತ್ತು ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ಎಡಗೈಗೆ ಚಮಚ ಹಿಡಿಸಿದರೆ ಬೀಳಿಸುತ್ತಿದ್ದರು. ಚಿಕ್ಕಂದಿನಲ್ಲಿ ಎಡಗೈ ಅನ್ನದತ್ತ ಹೋದರೆ ಅಮ್ಮ ಸೌಟಿನಿಂದ ಮಣಿಕಟ್ಟಿಗೆ ಹೊಡೆಯುತ್ತಿದ್ದಳು. ಅಮ್ಮ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಸೌಟು ಇನ್ನೂ ಎತ್ತಿದಂತೆಯೇ ಇತ್ತು.

"ಈ ಇಂಗ್ಲಿಷರ ದೇಶದಲ್ಲಿ ಎಲ್ಲರೂ ಫೋರ್ಕ್ ಎಡಗೈಲೇ ಹಿಡಿಯೋದು, ಯು ನೋ," ಎಂದಳು ಮಗಳು.

"ಅವರು ಕಾಗದದಲ್ಲಿ ಒರೆಸುವವರು ಮಾರಾಯ್ತಿ, ಯಾವ ಕೈಯಾದರೇನು!" ಅಡುಗೆಮನೆಯಿಂದ ಸೇವಂತಿಯ ದನಿ ಬಂತು. ತನಿಯಪ್ಪನವರ ತುಟಿಯ ಅರ್ಧ ನಕ್ಕಿತು. ಮಗಳು ನಗಲಿಲ್ಲ. ಸಟನ್ ಕೋಲ್ಡ್‌ಫೀಲ್ಡಿನ ಕ್ಲಿನಿಕ್ಕಿನಲ್ಲಿ ಸಂಜೆಯ ಪಾಳಿ ಅವಳದೇ. ಕಾರಿನ ಕೀಲಿ ಹುಡುಕಿಕೊಂಡು, ಅಪ್ಪನ ತಲೆ ಸವರಿ, ಹೊರಟುಹೋದಳು.

ಮನೆ ನಿಶ್ಶಬ್ದವಾಯಿತು. ಕಿಟಕಿಯಲ್ಲಿದ್ದ ಬೀಸ್ಟನ್ನಿನ ಬೂದು ಆಕಾಶ ನೋಡುತ್ತ ನೋಡುತ್ತ ಕಪ್ಪಾಯಿತು, ಹಗಲಲ್ಲೇ ನಕ್ಷತ್ರಗಳು ಕಂಡವು. ಅರೆನಿದ್ದೆಯಲ್ಲಿ ಈಚೆಗೆ ಅವರು ಹೋಗುತ್ತಿದ್ದುದು ಅಲ್ಲಿಗೇ. ನಿವೃತ್ತರಾಗುವವರೆಗೆ ವಿಶ್ವವಿದ್ಯಾಲಯದಲ್ಲಿ ಯಾವ ಹಳೆಯ ರಾಕೆಟ್ ವಿಮಾನದ ಬಗ್ಗೆ ಪಾಠ ಮಾಡಿದ್ದರೋ ಅದರೊಳಗೆ ಈಗ ಅವರೇ ಕೂತಿದ್ದರು. ಅದನ್ನು ಹೊತ್ತು ತಂದ ದೊಡ್ಡ ವಿಮಾನ ರೆಕ್ಕೆಯಡಿಯಿಂದ ಕೈಬಿಟ್ಟಾಗಿತ್ತು. ಇಂಧನ ಉರಿದು ಮುಗಿದಿತ್ತು. ಭೂಮಿ ಕೆಳಗೆ ಬಿಲ್ಲಿನಂತೆ ಬಾಗಿತ್ತು. ವಿಮಾನ ತಿರುಗಿಸುವ ಬಲಗೈಯ ಕೋಲನ್ನು ಅವರು ಎಳೆದರು, ಮತ್ತೆ ಎಳೆದರು. ವಿಮಾನ ಕೇಳಲಿಲ್ಲ.

"ನಿಮ್ಮ ಆ ಕಪ್ಪು ವಿಮಾನ ಉಂಟಲ್ಲ," ಎಂದರು ಯಾರೋ.

ಕಣ್ಣು ಬಿಟ್ಟರೆ ಎದುರಿಗೆ ಸೇವಂತಿ, ತನ್ನ ತಟ್ಟೆಯೊಂದಿಗೆ.

"ತುಂಬಾ ಮೇಲೆ ಹೋದ್ರೆ ಅಲ್ಲಿ ಗಾಳಿಯೇ ಇಲ್ಲ. ಬಲಗೈಯ ಕೋಲು ಎಷ್ಟು ತಿರುಗಿಸಿದ್ರೂ ಆಗುದಿಲ್ಲ. ಆಗ ಎಡಗೈಗೆ ಬೇರೆಯೇ ಒಂದು ಕೋಲು. ಒತ್ತಿದ್ರೆ ಮೂತಿಯಿಂದ ಚೂರು ಹಬೆ, ಪುಸ್. ವಿಮಾನ ಹೊರಳ್ತದೆ. ಹೌದಲ್ಲ?"

ಅವರು ದಿಟ್ಟಿಸಿದರು. ಪ್ರತಿವರ್ಷ ಆ ಪಾಠವನ್ನು ತರಗತಿಗೆ ಮುಂಚೆ ಅವರು ಒಪ್ಪಿಸುತ್ತಿದ್ದುದು ಇದೇ ಮೇಜಿನಲ್ಲಿ. ಅವಳು ಬೆನ್ನು ತಿರುಗಿಸಿ ಬೀನ್ಸ್ ಹೆಚ್ಚುತ್ತಿದ್ದಳು. ಮಾತೆಲ್ಲ ಒಗ್ಗರಣೆಯ ಹೊಗೆಯೊಂದಿಗೆ ಹೊರಗೆ ಹೋಯಿತೆಂದೇ ಅವರು ತಿಳಿದಿದ್ದರು.

"ಆಮೇಲಿನ ಗಗನನೌಕೆಗಳೆಲ್ಲ ತಿರುಗಿದ್ದೂ ಹಾಗೆಯೇ ಅಂತ ನೀವೇ ಹೇಳಿದ್ದು. ಬಲಗೈಗೆ ಅದರಲ್ಲಿ ಎಂತ ಅವಮಾನ? ಇಳಿಯುವಾಗ ಪುನಃ ಬೇಕಾಗ್ತದೆ ಅಂತ ಸುಮ್ಮನೆ ಕೂತಿತ್ತು. ನೀವೀಗ ಮೇಲಿದ್ದೀರಿ, ಅಷ್ಟೇ ಮಾರಾಯ್ರೇ."

ಎಡಗೈಯಲ್ಲಿ ಯಾರಿಗೂ ಒಂದು ಹೂವನ್ನೂ ಕೊಟ್ಟವಳಲ್ಲ ಸೇವಂತಿ. ಈಗ ತನ್ನ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಎಡಗೈಯಿಂದ ಅನ್ನ ಕಲಸಿ ಬಾಯಿಗಿಟ್ಟಳು. ಅರ್ಧ ಮಡಿಲಿಗೆ ಬಿತ್ತು. "ಥೂ! ನಿಮ್ಮ ಪೈಲಟ್‌ಗಳಿಗೆ ಇದು ಎಷ್ಟು ದಿನಕ್ಕೆ ಬಂತು?"

ತನಿಯಪ್ಪನವರ ಎಡಗೈ ಮೇಜಿನ ಅಂಚಿನಲ್ಲಿ ಬಹಳ ಹೊತ್ತು ಇತ್ತು. ಆಮೇಲೆ ಬಟ್ಟಲಿಗೆ ಇಳಿಯಿತು. ಒಂದಿಷ್ಟು ಅನ್ನವನ್ನೆತ್ತಿ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಅವರು ಕಣ್ಣು ಮುಚ್ಚಿ, ಮಣಿಕಟ್ಟನ್ನು ಬಿಗಿಮಾಡಿ ಕಾದರು.

ಸೌಟು ಬೀಳಲಿಲ್ಲ.

"ಪುಸ್," ಎಂದರು ತನಿಯಪ್ಪ. ಕೈ ಚೂರು ಮೇಲಕ್ಕೆ ಹೊರಳಿತು.