ಪಿಕಪ್ಪಿಗೆ ವರಾನ್ವೇಷಣೆ

ನಾಲ್ಕನೆಯ ಗಿರಾಕಿಯೂ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ತಪ್ಪು ಅವನದೇ. ಮೈಲಾಪೂರಿನ ವಿಭೂತಿ-ಕರ್ಪೂರದ ವ್ಯಾಪಾರಿ ಪರಮೇಶ್ವರಪ್ಪನವರು ತಮ್ಮ ಹಳೇ ಡೀಸೆಲ್ ಪಿಕಪ್ಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಎಂಜಿನ್ ಆಯಿಲ್ ಯಾವಾಗ ಬದಲಾಯಿಸ್ತೀರಿ?" ಎಂದು ಕೇಳಿದ್ದರು. ಆತ "ಕಪ್ಪಾದಾಗ" ಎಂದುಬಿಟ್ಟಿದ್ದ.

"ಡೀಸೆಲ್ ಗಾಡೀಲಿ ಆಯಿಲ್ ಹಾಕಿದ ದಿನವೇ ಕಪ್ಪಾಗುತ್ತೆ ಕಣ್ರೀ. ಬಣ್ಣ ನೋಡಿ ಹೆಣ್ಣು ಒಪ್ಪೋರಿಗೆ ನನ್ನ ಗಾಡಿ ಕೊಡಲ್ಲ," ಎಂದು ಪರಮೇಶ್ವರಪ್ಪನವರು ಗೇಟು ತೋರಿಸಿದ್ದರು.

ಕಿಟಕಿಯಲ್ಲಿ ನಿಂತಿದ್ದ ಹೆಂಡತಿ ಬಸವಣ್ಣೆಮ್ಮ ಹಣೆ ಚಚ್ಚಿಕೊಂಡರು. ಸಕ್ಕರೆ ಕಾಯಿಲೆಗೆ ಗಂಡನ ಕಣ್ಣು ಮಂಜಾಗಿ, ಡಾಕ್ಟರು ಸ್ಟೀರಿಂಗ್ ಮುಟ್ಟಬೇಡಿ ಎಂದ ದಿನದಿಂದ ಗಾಡಿ ಮನೆಮುಂದೆ ನಿಂತೇ ಇತ್ತು. "ನಿಂತ ಡೀಸೆಲ್ ಗಾಡಿ ನಿಂತಲ್ಲೇ ಸಾಯುತ್ತೆ ಅಂದೋರು ನೀವೇ. ಸಮುದ್ರದ ಗಾಳಿಗೆ ಇನ್ನೊಂದು ವರ್ಷ ನಿಂತ್ರೆ ಗುಜರಿಯವನೇ ಅಳಿಯ ಆಗ್ತಾನೆ. ನಮ್ಮಪ್ಪ ನನ್ನ ನಿಮಗೆ ಕೊಡೋವಾಗ ಇಷ್ಟು ಪ್ರಶ್ನೆ ಕೇಳಿರಲಿಲ್ಲ!"

"ಕೇಳಿದ್ರೆ ಕೊಡ್ತಿರಲಿಲ್ಲ," ಎಂದರು ಪರಮೇಶ್ವರಪ್ಪ. ಆದರೆ ಅವರಿಗೂ ಒಳಗೊಳಗೆ ಭಯವಾಗಿತ್ತು. ಯಾರದೋ ಕೈಯಿಂದ ಸೆಕೆಂಡ್ ಹ್ಯಾಂಡಿಗೆ ಬಂದಿದ್ದ ಗಾಡಿಯನ್ನು ಇಷ್ಟು ವರ್ಷ ಮಗಳ ಹಾಗೆ ಸಾಕಿದ್ದರು. ಅದು ತಮ್ಮ ಕಣ್ಣೆದುರೇ ತುಕ್ಕು ಹಿಡಿದು ಹೋಗುವುದನ್ನು ನೋಡುವುದಕ್ಕಿಂತ ಪೂರ್ತಿ ಕುರುಡಾಗುವುದೇ ವಾಸಿ ಅನ್ನಿಸುತ್ತಿತ್ತು.

ಐದನೆಯದಾಗಿ ರಾಯಪುರಂನಿಂದ ಆರೋಗ್ಯಮೇರಿ ಎಂಬಾಕೆ ಬಂದರು. ನಲವತ್ತೈದರ ಗಟ್ಟಿ ಹೆಂಗಸು. ಬಂದವರೇ ಬಾನೆಟ್ ಮುಟ್ಟಿ ನೋಡಿ, ಎಂಜಿನ್ ತಣ್ಣಗಿದೆ, ಮೊದಲೇ ಓಡಿಸಿ ಬಿಸಿ ಮಾಡಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಈಗ ಸ್ಟಾರ್ಟ್ ಮಾಡಿ ಅಯ್ಯಾ" ಎಂದರು. ಗಾಡಿ ಒಂದೇ ಏಟಿಗೆ ಎದ್ದಿತು. ಅದು ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು, ಎಂಜಿನ್ ಸವೆದ ಗಾಡಿಯ ಹಾಗೆ ಒಳಗಿಂದ ಹೊಗೆ ಬರುತ್ತದೆಯೇ ಎಂದು ಬಗ್ಗಿ ನೋಡಿದರು. ಬರಲಿಲ್ಲ.

"ಡೀಸೆಲ್ ಫಿಲ್ಟರಿನಲ್ಲಿ ನಿಂತ ನೀರು ತೆಗೀತಿದ್ರಾ?" ಮೇರಿ ಕೇಳಿದ್ದು ತಮಿಳಿನಲ್ಲಿ; ಅದರಲ್ಲಿ ಇಷ್ಟೂ ನಯವಿರಲಿಲ್ಲ.

"ಪ್ರತಿ ಸೋಮವಾರ. ಪೂಜೆ ಮುಗಿಸಿ," ಎಂದರು ಪರಮೇಶ್ವರಪ್ಪ. ಒಳಕ್ಕೆ ತಿರುಗಿ ಕೂಗಿದರು: "ಬಸವೀ, ಕಾಫಿ ತಾ! ತಾಯಿ, ನಿನಗೆ ಇದನ್ನೆಲ್ಲ ಯಾರು ಕಲಿಸಿದ್ದು?"

"ನನ್ನ ಹಳೇ ಗಾಡಿ ಕೊಂದ ಡ್ರೈವರು."

ಕಾಫಿ ಬಂತು. ಪರಮೇಶ್ವರಪ್ಪನವರು ಇನ್ನೇನು ಕೀ ಕೊಡಬೇಕು, ಆಗ ಸುಮ್ಮನೆ ಮಾತಿಗೆಂದು ಕೇಳಿದರು: "ಏನು ಲೋಡು ಹಾಕ್ತೀಯಮ್ಮಾ?"

"ಮೀನು."

ಕೀ ಹಿಡಿದ ಕೈ ಮಡಿಲಿಗೆ ವಾಪಸಾಯಿತು. ಈರುಳ್ಳಿ ಹೆಚ್ಚಿದ ಚಾಕುವನ್ನೂ ಅನುಮಾನದಿಂದ ನೋಡುವ ಮನೆ ಅದು. ಗಾಡಿಯ ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ ಇತ್ತು. "ವಿಭೂತಿ ಹೊತ್ತ ಗಾಡಿ ತಾಯಿ ಅದು," ಎಂದು ಗೊಣಗಿದರು.

"ಹೊತ್ತದ್ದು ವಿಭೂತಿ. ಕುಡಿದದ್ದು ಡೀಸೆಲ್ಲೇ ಅಲ್ವಾ ಅಯ್ಯಾ, ತೀರ್ಥ ಅಲ್ವಲ್ಲ?"

ಬಸವಣ್ಣೆಮ್ಮನವರಿಗೆ ನಗು ತಡೆಯಲಾಗಲಿಲ್ಲ. "ಬೇಡಾಂದ್ರೆ ಮೊದಲು ಬಂದಿದ್ದ ಆ ತುಪ್ಪದ ಅಂಗಡಿಯವನಿಗೇ ಕೊಡಿ. ಆಯಿಲ್ ಅಳೆಯೋ ಡಿಪ್‌ಸ್ಟಿಕ್ ಎಲ್ಲಿದೆ ಅಂತ ನಿಮ್ಮನ್ನೇ ಕೇಳಿದ್ನಲ್ಲ, ಅವನು. ಗಾಡೀನ ಪೂರ್ತಿ ಮಡೀಲಿ ಕೊಲ್ತಾನೆ."

ಪರಮೇಶ್ವರಪ್ಪನವರು ಗಾಡಿಯನ್ನೊಮ್ಮೆ, ಮೇರಿಯನ್ನೊಮ್ಮೆ ನೋಡಿದರು. ಕಡೆಗೆ ಎದ್ದು, ಕೀ ಮೇರಿಯ ಕೈಗಿಟ್ಟು, "ಮೀನಿನ ಐಸು ಕರಗಿದ ಉಪ್ಪುನೀರು ಅಡೀಲಿರೋ ಚಾಸಿಗೆ ವಿಷ. ದಿನಾ ಗಾಡಿ ಅಡಿಗೆ ಸಿಹಿನೀರು ಹೊಡೀಬೇಕು. ಆಷಾಢದಲ್ಲಿ ಒಂದ್ಸಲ ತಂದು ತೋರಿಸಬೇಕು," ಎಂದರು.

"ಸಿಹಿನೀರಾ? ಊರೆಲ್ಲ ಲಾರಿ ನೀರಿಗೆ ಕೊಡ ಹಿಡಿದು ಬಡಿದಾಡ್ತಿದೆ. ನನ್ನ ಸ್ನಾನಕ್ಕೇ ಇಲ್ಲ ಅಯ್ಯಾ!"

"ಗಾಡಿಗೆ ಮೊದಲು. ನೀನೇನು ತುಕ್ಕು ಹಿಡಿಯಲ್ಲ."

ಆಷಾಢದಲ್ಲಿ, ಹೊಸ ಮದುಮಗಳು ಬರುವ ಹಾಗೆ, ಗಾಡಿ ತವರಿಗೆ ಬಂತು. ಬೀದಿಯ ತಿರುವಿಗೆ ಬರುವ ಮೊದಲೇ ಅದರ ವಾಸನೆ ಬಂದಿತ್ತು. ಅಕ್ಕಪಕ್ಕದವರು ಪಟಪಟನೆ ಕಿಟಕಿ ಮುಚ್ಚಿಕೊಂಡರು. ಆಗಷ್ಟೇ ಸ್ನಾನ, ಪೂಜೆ ಮುಗಿಸಿ ಹಣೆಗೆ ವಿಭೂತಿ ಬಳಿದುಕೊಂಡಿದ್ದ ಪರಮೇಶ್ವರಪ್ಪನವರು ಗೋಣಿತಾಟು ಹಾಸಿ, ಗಾಡಿಯ ಅಡಿಗೆ ನುಸುಳಿಯೇಬಿಟ್ಟರು. ಕಣ್ಣು ಮಂಜಾದರೂ ಬೆರಳು ಚುರುಕಾಗಿದ್ದವು. ಚಾಸಿಯ ಉದ್ದಕ್ಕೂ ಸವರಿದರು. ಒಂದು ಕಡೆಯೂ ತುಕ್ಕಿನ ಪುಡಿ ಉದುರಲಿಲ್ಲ.

"ನೀರು ಹೊಡೆದಿದ್ದಾಳೆ ಬಸವೀ!" ಎಂದು ಅಡಿಯಿಂದಲೇ ಕೂಗಿದರು. "ದಿನಾ ಹೊಡೆದಿದ್ದಾಳೆ!"

"ನೆನ್ನೆಯಿಂದ ಹೊಡೆದಿಲ್ಲ ಅಯ್ಯಾ," ಎಂದರು ಮೇರಿ ತಲೆ ತಗ್ಗಿಸಿ. "ನಮ್ಮ ಕಡೆ ನೀರಿನ ಲಾರಿ ಬರಲಿಲ್ಲ."

ಮೈಗೆಲ್ಲ ಮೀನಿನ ಕೊಳೆ ಮೆತ್ತಿಕೊಂಡು ಗಾಡಿಯಡಿಯಿಂದ ಹೊರಬಂದ ಗಂಡನನ್ನು ನೋಡಿ ಬಸವಣ್ಣೆಮ್ಮ ಬಾಗಿಲಿಗೆ ಅಡ್ಡ ನಿಂತರು. "ಅಲ್ಲೇ ನಿಲ್ಲಿ! ಹೀಗೇ ಒಳಗೆ ಬಂದ್ರೆ ನಾನು ತವರಿಗೆ ಹೋಗ್ತೀನಿ. ನಮ್ಮ ಲಾರಿನೂ ಇವತ್ತು ಬಂದಿಲ್ಲ. ಮನೇಲಿರೋದು ಒಂದೇ ಬಕೆಟ್ಟು. ತಗೊಳ್ಳಿ, ಮೈಮೇಲೆ ಹುಯ್ಕೊಂಡು ಒಳಗೆ ಬನ್ನಿ."

ಪರಮೇಶ್ವರಪ್ಪನವರು ಬಕೆಟ್ಟು ತೆಗೆದುಕೊಂಡರು. ಒಮ್ಮೆ ಹೆಂಡತಿಯ ಮುಖ ನೋಡಿದರು. ಮತ್ತೆ ಬಗ್ಗಿ, ಅಷ್ಟೂ ನೀರನ್ನು ಗಾಡಿಯ ಅಡಿಗೆ ಎರಚಿದರು.

ಮರುದಿನ ಲಾರಿ ಬರುವ ತನಕ ಅವರ ಊಟ, ನಿದ್ದೆ ಎಲ್ಲ ಜಗಲಿಯ ಮೇಲೇ ನಡೆಯಿತು. ಬಸವಣ್ಣೆಮ್ಮ ಕಿಟಕಿಯಿಂದ ತಟ್ಟೆ ಚಾಚುವಾಗಲೆಲ್ಲ ಗಂಡ ನಗುತ್ತಿದ್ದರು. ಅವರ ಹಣೆಯಲ್ಲಿ, ವಿಭೂತಿಯ ಮೂರು ಪಟ್ಟೆಗಳ ನಟ್ಟನಡುವೆ, ಮೀನಿನ ಹುರುಪೆಯೊಂದು ಮಿರಮಿರ ಮಿಂಚುತ್ತಿತ್ತು.