ಬಾಗಿಲ ಮಾತು

ಹುಬ್ಬಳ್ಳಿಯ ಮನೆಬಾಗಿಲುಗಳೆಲ್ಲ ಮಾತಾಡುತ್ತಿದ್ದ ಕಾಲ. ಅವುಗಳ ಮಾತಿನ ಧಾಟಿಯನ್ನು ರೂಪಿಸುವ ಡಿಸೈನ್ ಕಂಪನಿಯಲ್ಲಿ ನೀಲಾಂಬಿಕೆ ಮತ್ತು ತಸ್ಲೀಮಾ ಜೊತೆಗಾರ್ತಿಯರು. ನೀಲಾಂಬಿಕೆಯ ಮನೆಗೆ ಬಂದದ್ದು ತಸ್ಲೀಮಾ ರೂಪಿಸಿದ ಬಾಗಿಲು. ಗಂಡ ಬಸವಂತ ದಿನವೂ ಹೊರಗೇ ನಿಂತು ಅದರೊಂದಿಗೆ ಹರಟಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಂಡು ನಗುತ್ತಿದ್ದ. ಒಳಗೆ ಬಂದ ಮೇಲೆ ಹೆಂಡತಿಗೆ ಹೇಳಲು ಏನೂ ಉಳಿದಿರುತ್ತಿರಲಿಲ್ಲ. ಅವಳ ಹೊಟ್ಟೆ ಉರಿಯಿತು.

“ನನ್ನ ಗಂಡನ್ನ ಮರುಳು ಮಾಡೋ ಹಂಗ ಯಾಕ ಮಾಡಿದಿ ಅದನ್ನ?” ಎಂದು ಕಚೇರಿಯಲ್ಲಿ ಜಗಳಕ್ಕೇ ನಿಂತಳು.

ತಸ್ಲೀಮಾ ಬೆರಗಾದಳು. “ನಿನ್ನ ನೋಡೇ ಮಾಡೀನಿ. ಮದುವಿ ಆದ ಹೊಸದಾಗ ಅವ್ರು ಫೋನ್ ಮಾಡಿದ್ರ, ಕೈಯಾಗಿನ ಕೆಲ್ಸ ಬಿಟ್ಟು, ಈಗ ಆ ಬಾಗಿಲು ಕೇಳೋ ಹಂಗ ಅವ್ರ ಮಾತು ಕೇಳ್ತಿದ್ದಿ ನೀ.”

ಆ ಸಂಜೆ ನೀಲಾಂಬಿಕೆ ಬೇಗ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ಬಸವಂತ ಬಂದೊಡನೆ, “ಇವತ್ತ ಏನೇನಾತು, ಹೇಳ್ರಿ,” ಎಂದಳು.

ಅವನು ಒಪ್ಪಿಗೆ ಕೇಳುವವನಂತೆ ಬಾಗಿಲ ಕಡೆ ನೋಡಿದ.