ಏಳು ಬಿಕ್ಕಳಿಕೆ

ಯಾರಾದರೂ ನೆನೆಸಿಕೊಂಡಾಗ ಬರುವ ಬಿಕ್ಕಳಿಕೆಯೇ ಈಗ ಆದಾಯ. ವರ್ಷಕ್ಕೆ ಮುನ್ನೂರು ದಾಟಿದವರಷ್ಟೇ ರಿಟರ್ನ್ ಸಲ್ಲಿಸಬೇಕು. ನಿವೃತ್ತ ಹೆಡ್‌ಮಾಸ್ಟರ್ ಗುರುಪಾದಪ್ಪ ಇಸ್ತ್ರಿ ಅಂಗಿ ತೊಟ್ಟು ಠೀವಿಯಿಂದ ತೆರಿಗೆ ಕಚೇರಿಯ ಸರತಿಯಲ್ಲಿ ನಿಂತಿದ್ದರು. ಮುಂದಿದ್ದ ಹೂ ಮಾರುವ ಹುಲಿಗೆಮ್ಮನ ಲೆಕ್ಕ ನಾಲ್ಕು ಸಾವಿರ ದಾಟಿತ್ತು.

ಬಿಕ್ಕಳಿಕೆಯ ಲೆಕ್ಕವನ್ನೂ ನೆನೆದವರ ಹೆಸರನ್ನೂ ತೋರಿಸುವ ಗುರುಪಾದಪ್ಪನವರ ಕೊರಳ ಮೀಟರ್ ಓದಿದ ಗುಮಾಸ್ತೆ, "ನೀವ್ಯಾಕ್ ಬಂದ್ರಿ ಸರ್? ಬರೇ ಏಳು ಅದಾವು," ಎಂದಳು. "ಏಳೂ ಫಕೀರವ್ವಂದು. ನಿಮ್ಮ ಸಾಲ್ಯಾಗ ಕಸ ಹೊಡೀತಿದ್ದಾಕಿ."

ಎಷ್ಟು ತಡಕಿದರೂ ಆಕೆಯ ಮುಖ ನೆನಪಾಗಲಿಲ್ಲ. ಸರತಿಯವರೆಲ್ಲ ನೋಡುತ್ತಿದ್ದರು. ಗುರುಪಾದಪ್ಪ ಬೇಕೆಂದೇ ಜೋರಾಗಿ ಬಿಕ್ಕಳಿಸಿದರು.

ಮೀಟರ್ ಏಳರಲ್ಲೇ ಇತ್ತು. ಹುಲಿಗೆಮ್ಮ ಅದನ್ನು ಕಂಡಳು. ಅವಳು ಕಂಡದ್ದನ್ನು ಗುರುಪಾದಪ್ಪನವರೂ ಗಮನಿಸಿದರು.

"ಯಾರೋ ನೆನಸ್ಯಾರ ನೋಡ್ರಿ ಸರ್," ಎಂದು ಅವಳು ನೀರಿನ ಬಾಟಲಿ ಚಾಚಿದಳು. "ಕುಡೀರಿ, ನಿಲ್ತೈತಿ."